ಕರಡಿಗೆಯ ಕೆಳಗಿನ ಗಂಟು

ಬಸವಲಿಂಗಪ್ಪನವರ ಎದೆಯ ಮೇಲೆ ಒಂದು ಗಂಟಿದೆ ಎಂಬುದು ಕಲಕತ್ತೆಯ ಬಾರಾನಗರದ ಆ ಓಣಿಗೆ ಅವರಿಗಿಂತ ಮೊದಲೇ ಗೊತ್ತಿತ್ತು. ಎಷ್ಟು ಮೊದಲೆಂದರೆ, ಆ ಗಂಟು ಹುಟ್ಟುವುದಕ್ಕೂ ಹಲವಾರು ವರ್ಷ ಮೊದಲು.

ಇದನ್ನು ಸ್ವಲ್ಪ ಬಿಡಿಸಿಯೇ ಹೇಳಬೇಕು. ಬಸವಲಿಂಗಪ್ಪನವರು ಹಾವೇರಿ ಕಡೆಯವರು. ಕೇಂದ್ರ ಸರಕಾರದ ಒಂದು ಕಚೇರಿ ಅವರನ್ನು ಖಿದಿರ್‌ಪುರದ ಹಡಗುಕಟ್ಟೆಯ ಪಕ್ಕ ತಂದು ಕೂರಿಸಿತ್ತು. ಬಾಡಿಗೆ ಮನೆ ಮಾತ್ರ ಊರಿನ ಇನ್ನೊಂದು ತುದಿಯಲ್ಲಿ ಸಿಕ್ಕಿತು. ಬಂದ ಮೊದಲ ವರ್ಷ, ವಿಜಯದಶಮಿಯ ಸಂಜೆ, ದುರ್ಗೆಯನ್ನು ಗಂಗೆಗೆ ಬಿಟ್ಟು ಬಂದ ಓಣಿಯ ಗಂಡಸರೆಲ್ಲ ಒಬ್ಬರನ್ನೊಬ್ಬರು ಎದೆಗೆದೆ ಹಚ್ಚಿ ಅಪ್ಪಿಕೊಳ್ಳುವುದನ್ನು ಅವರು ಬಾಗಿಲಲ್ಲಿ ನಿಂತು ನೋಡಿದರು. ನಮ್ಮ ಕಡೆ ಬನ್ನಿ ಎಲೆ ಕೊಟ್ಟು ಬಂಗಾರದ ಹಾಗೆ ಇರೋಣ ಅನ್ನುತ್ತೇವೆ, ಇವರು ಅಪ್ಪಿಕೊಳ್ಳುತ್ತಾರೆ, ಅಷ್ಟೇ ವ್ಯತ್ಯಾಸ ಎಂದುಕೊಂಡು ತಾವೂ ಬೀದಿಗಿಳಿದರು. ಎದುರು ಮನೆಯ ಹಾಲ್ದಾರ್ ಬಾಬು ಮೊದಲು ಸಿಕ್ಕರು. ಎಡಕ್ಕೊಮ್ಮೆ ಬಲಕ್ಕೊಮ್ಮೆ ಅಪ್ಪಿ, ಮತ್ತೆ ಎಡಕ್ಕೆ ಬರುವಾಗ ಹಾಲ್ದಾರ್ ಬಾಬು ತಡೆದು ನಿಂತರು. ಬಸವಲಿಂಗಪ್ಪನವರ ಅಂಗಿಯೊಳಗಿಂದ ಏನೋ ಗಟ್ಟಿಯಾದದ್ದು ಅವರ ಎದೆಗೆ ಒತ್ತಿತ್ತು.

ಹಾಲ್ದಾರ್ ಬಾಬು ಭೂಗೋಳದ ಮೇಷ್ಟ್ರಾಗಿ ನಿವೃತ್ತರಾದವರು. ನಿವೃತ್ತಿಯಾದ ಮೇಲೆ ಪುಸ್ತಕ ಓದಿ ಹೋಮಿಯೋಪತಿ ಕಲಿತು, ಓಣಿಯವರಿಗೆಲ್ಲ ಪುಕ್ಕಟೆ ಸಕ್ಕರೆ ಗುಳಿಗೆ ಹಂಚುತ್ತಿದ್ದರು. ಪ್ರಪಂಚದ ಎಲ್ಲ ನದಿಗಳ ಮೂಲ ಬಲ್ಲವರಿಗೆ ಒಂದು ಗಂಟಿನ ಮೂಲ ತಿಳಿಯದೆ ನಿದ್ದೆ ಬರುವುದು ಹೇಗೆ? ಒಂದು ಗಂಟೆಯೊಳಗೆ ಓಣಿಗೆಲ್ಲ ಬೌದಿ, ಅಂದರೆ ಅತ್ತಿಗೆ, ಆಗಿದ್ದ ಹೆಂಡತಿ ಮಾಲತಿಯನ್ನೂ, ಒಂದು ಪೊಟ್ಟಣ ಸಂದೇಶ ಮಿಠಾಯಿಯನ್ನೂ, ಒಂದು ಸೀಸೆ ಗುಳಿಗೆಯನ್ನೂ ಕರೆದುಕೊಂಡು ಬಂದು, ಸಾವಿನ ಮನೆಗೆ ಬಂದವರ ದನಿಯಲ್ಲಿ, ಅದು ಎಷ್ಟು ದಿನದಿಂದ ಇದೆ ಎಂದು ಕೇಳಿದರು.

ಯಾವುದು ಎಂಬುದು ಬಸವಲಿಂಗಪ್ಪನವರಿಗೆ ಹೊಳೆಯಲು ಸ್ವಲ್ಪ ಹೊತ್ತು ಹಿಡಿಯಿತು. ಹೊಳೆದ ಮೇಲೆ ಅಂಗಿಯ ಗುಂಡಿ ಬಿಚ್ಚಿ, ಶಿವದಾರದಲ್ಲಿ ತೂಗುತ್ತಿದ್ದ ಬೆಳ್ಳಿಯ ಕರಡಿಗೆಯನ್ನು ಹೊರತೆಗೆದು ತೋರಿಸಿದರು. ಇದರೊಳಗೆ ನನ್ನ ಇಷ್ಟಲಿಂಗ ಇದೆ, ಹುಟ್ಟಿದಾಗ ಕಟ್ಟಿದ್ದು, ಸಾಯುವವರೆಗೆ ಮೈಯಿಂದ ಅಗಲಿಸುವುದಿಲ್ಲ ಎಂದು ತಮ್ಮ ಹರುಕು ಹಿಂದಿಯಲ್ಲಿ ವಿವರಿಸಿದರು. ಹಾಲ್ದಾರ್ ಬಾಬು ಕನ್ನಡಕ ಒರೆಸಿಕೊಂಡು ಇನ್ನಿಲ್ಲದ ಪ್ರಶ್ನೆ ಕೇಳಿದರು. ಮಲಗುವಾಗ? ಸ್ನಾನ ಮಾಡುವಾಗ? ರೈಲಿನಲ್ಲಿ? ಮರುದಿನದಿಂದ ಓಣಿಯಲ್ಲಿ ಯಾರಾದರೂ ಬಸವಲಿಂಗಪ್ಪನವರ ಅಂಗಿಯ ಉಬ್ಬನ್ನು ದಿಟ್ಟಿಸಿದರೆ, ಅದು ರೋಗವಲ್ಲ, ಅವರ ಶಿವ ಎಂದು ಹಾಲ್ದಾರ್ ಬಾಬುವೇ ಮುಂದಾಗಿ ಪಾಠ ಮಾಡುತ್ತಿದ್ದರು. ಹೀಗೆ ದೇವರನ್ನು ಗಂಟು ಅಂದುಕೊಂಡಿದ್ದ ಓಣಿ ತಿದ್ದಿಕೊಂಡಿತು. ತಿದ್ದಿಕೊಂಡದ್ದೇ ಮುಂದೆ ತೊಂದರೆಯಾಯಿತು.

ಏಕೆಂದರೆ ಹೋದ ವರ್ಷ, ದಸರೆ ಮುಗಿದು ಸ್ವಲ್ಪ ದಿನಕ್ಕೆ, ಸ್ನಾನ ಮಾಡುವಾಗ ಬಸವಲಿಂಗಪ್ಪನವರ ಬೆರಳಿಗೆ ಕರಡಿಗೆಯ ಕೆಳಗೆ, ಎಡ ಎದೆಯಲ್ಲಿ, ನಿಜವಾದ ಒಂದು ಗಂಟೇ ಸಿಕ್ಕಿತು. ಅವರೆಕಾಳಿಗಿಂತ ದೊಡ್ಡದು. ನೋವಿಲ್ಲ, ಉರಿಯಿಲ್ಲ, ಬಣ್ಣವಿಲ್ಲ.

ಬಸವಲಿಂಗಪ್ಪನವರಿಗೆ ಒಂದು ಹೆಮ್ಮೆ ಇತ್ತು: ಸರ್ವಿಸ್ಸಿಗೆ ಸೇರಿದಾಗಿನಿಂದ ಡಾಕ್ಟರ ಮೆಟ್ಟಿಲು ಹತ್ತಿದವರಲ್ಲ. ಕಚೇರಿಯಲ್ಲಿ ಯಾರು ರಜೆ ಹಾಕಿದರೂ ಈ ಮಾತನ್ನು ಅವರ ಕಿವಿಗೆ ಬೀಳುವಂತೆ ಆಡುತ್ತಿದ್ದರು. ಅಂಥವರು ಒಂದು ಅವರೆಕಾಳಿಗೆ ಹೆದರುವುದುಂಟೇ? ಬೆಳ್ಳಿ ಉಜ್ಜಿ ಉಜ್ಜಿ ಚರ್ಮ ದಪ್ಪವಾಗಿದೆ ಎಂದು ತೀರ್ಮಾನಿಸಿ, ಶಿವದಾರವನ್ನು ಉದ್ದ ಮಾಡಿ ಕರಡಿಗೆಯನ್ನು ಕೆಳಗಿಳಿಸಿದರು. ಕರಡಿಗೆ ಇಳಿಯಿತು, ಗಂಟು ಇದ್ದಲ್ಲೇ ಇತ್ತು. ದಾರವನ್ನು ಗಿಡ್ಡ ಮಾಡಿ ಮೇಲೇರಿಸಿದರು. ಗಂಟು ಅದಕ್ಕೂ ಸೊಪ್ಪು ಹಾಕಲಿಲ್ಲ.

ನಿಜ ಹೇಳಬೇಕೆಂದರೆ ಅವರಿಗೆ ಭಯವಾಗಿತ್ತು. ತೋರಿಸಿದರೆ ಅದು ರೋಗವಾಗುತ್ತದೆ, ತೋರಿಸದಿದ್ದರೆ ಬರೀ ಗಂಟಾಗಿಯೇ ಇರುತ್ತದೆ ಎಂಬ ಒಂದು ವಿಚಿತ್ರ ಲೆಕ್ಕ ಅವರ ತಲೆಯಲ್ಲಿ ಕುಳಿತುಬಿಟ್ಟಿತ್ತು. ಅದರ ಮೇಲೆ ಇದು ಎದೆಯ ಗಂಟು. ಹೆಂಗಸರಿಗೆ ಆಗುವಂಥದ್ದು ಗಂಡಸು ಯಾವ ಮುಖ ಹೊತ್ತು ತೋರಿಸುವುದು?

ತೋರಿಸದಿದ್ದರೂ ಮುಟ್ಟಿ ನೋಡದೆ ಇರಲಾಗಲಿಲ್ಲ. ಬೆಳೆದಿದೆಯೋ, ಕರಗಿದೆಯೋ, ಇವತ್ತು ಹೇಗಿದೆಯೋ ಎಂಬ ಕುತೂಹಲ. ಬಸ್ಸಿನಲ್ಲಿ ಕೈ ಅಂಗಿಯೊಳಗೆ, ಮೆಟ್ರೋದಲ್ಲಿ ಕೈ ಅಂಗಿಯೊಳಗೆ, ಫೈಲಿಗೆ ಸಹಿ ಹಾಕುವ ಮೊದಲು ಒಮ್ಮೆ, ಹಾಕಿದ ಮೇಲೆ ಇನ್ನೊಮ್ಮೆ. ಕಣ್ಣು ಮುಚ್ಚಿ, ಹುಬ್ಬು ಗಂಟಿಕ್ಕಿ, ಬೆರಳ ತುದಿಯಲ್ಲಿ ಅಳೆಯುವುದನ್ನು ಕಂಡವರು, ಮನುಷ್ಯ ದೇವರ ಧ್ಯಾನದಲ್ಲಿದ್ದಾನೆ ಎಂದು ದಾರಿ ಬಿಟ್ಟರು. ಕಚೇರಿಯ ಮೇಲಧಿಕಾರಿ ಗದರಿಸಲು ಕರೆಸಿದವರು ಅವರ ಮುಖದ ಗಾಂಭೀರ್ಯ ನೋಡಿ, ತಮ್ಮ ಮಗಳ ಮದುವೆಗೂ ಒಂದು ಪ್ರಾರ್ಥನೆ ಸೇರಿಸಿರೆಂದು ಕೇಳಿಕೊಂಡರು. ಮನೆಯಲ್ಲಿ ಹೆಂಡತಿ ಇಂದಿರಾ ಅವರಿಗಂತೂ ಹಿಡಿಸಲಾಗದ ಸಂತೋಷ. ಕಲಕತ್ತೆಗೆ ಬಂದು ಗಂಡ ದೇವರನ್ನು ಮರೆತರೆಂಬ ಕೊರಗು ಅವರಿಗೆ ಬಹಳ ದಿನದಿಂದ ಇತ್ತು. ಈಗ ಹೊತ್ತುಗೊತ್ತಿಲ್ಲದೆ ಲಿಂಗ ಮುಟ್ಟಿಕೊಳ್ಳುತ್ತಾರೆ ಎಂದು ಹಾವೇರಿಯ ತಂಗಿಗೆ ಫೋನು ಮಾಡಿ ಹೇಳಿದರು. ದೇವರನ್ನು ಗಂಟು ಅಂದುಕೊಂಡಿದ್ದ ಜಗತ್ತು ಈಗ ಗಂಟನ್ನು ದೇವರು ಅಂದುಕೊಂಡಿತ್ತು.

ಮೋಸ ಹೋಗದಿದ್ದವರು ಒಬ್ಬರೇ. ಒಂದು ಭಾನುವಾರ ಬೆಳಿಗ್ಗೆ ಚಹಾದಂಗಡಿಯ ಕಟ್ಟೆಯ ಮೇಲೆ ಹಾಲ್ದಾರ್ ಬಾಬು ಪಕ್ಕಕ್ಕೆ ಸರಿದು ಕುಳಿತು, ದನಿ ತಗ್ಗಿಸಿ ಕೇಳಿದರು. ಬಸವ ಅವರ ಬಂಗಾಳಿ ನಾಲಿಗೆಯಲ್ಲಿ ಬಾಸಬ್ ಆಗಿತ್ತು.

"ಬಾಸಬ್ ಬಾಬು, ನಿಜ ಹೇಳಿ. ನೀವು ಮುಟ್ಟುತ್ತಿರುವುದು ಶಿವನನ್ನೋ, ಪಕ್ಕದಲ್ಲಿ ಬೇರೆ ಏನಾದರೂ ಇದೆಯೋ?"

ಬಸವಲಿಂಗಪ್ಪನವರು ಮಣ್ಣಿನ ಕುಡಿಕೆಯ ಚಹಾ ಮುಗಿಸಿ ಒಪ್ಪಿಕೊಂಡರು. ಹಾಲ್ದಾರ್ ಬಾಬು ಅವರನ್ನು ತಮ್ಮ ಗುಳಿಗೆಗಳ ಕೋಣೆಗೆ ಕರೆದೊಯ್ದು ಬಾಗಿಲು ಹಾಕಿದರು. ನೋವಿದೆಯೇ? ಇಲ್ಲ. ಒತ್ತಿದರೆ ಅಲುಗಾಡುತ್ತದೆಯೇ? ಹೌದು, ಹುಣಸೆಬೀಜದ ಹಾಗೆ ಜಾರುತ್ತದೆ. ಮೆತ್ತಗೋ, ಗಟ್ಟಿಯೋ? ಮೆತ್ತಗೆ. ಬೆಳೆಯುತ್ತಿದೆಯೇ? ಹೇಳಲು ಬಾರದು. ರಾತ್ರಿ ಬೆವರುತ್ತೀರಾ? ಜ್ವರ? ತೂಕ ಇಳಿದಿದೆಯೇ? ಇಷ್ಟೊಂದು ಪ್ರಶ್ನೆ ಯಾವ ಡಾಕ್ಟರೂ ಕೇಳುವುದಿಲ್ಲ ಎಂದು ಬಸವಲಿಂಗಪ್ಪನವರಿಗೆ ಅಭಿಮಾನ ಉಕ್ಕಿತು. ಕೊನೆಗೆ ಹಾಲ್ದಾರ್ ಬಾಬು ಒಂದು ಸೀಸೆಯಿಂದ ಅವರ ಅಂಗೈಗೆ ನಾಲ್ಕು ಗುಳಿಗೆ ಉದುರಿಸಿ, ಜೊತೆಗಿರಲಿ ಎಂದು ತಾವೂ ನಾಲ್ಕು ಬಾಯಿಗೆ ಹಾಕಿಕೊಂಡರು.

ಅಂದಿನಿಂದ ಇದು ದಿನದ ಕಾರ್ಯಕ್ರಮವಾಯಿತು. ಬೆಳಿಗ್ಗೆ ಗುಳಿಗೆ, ಗುಳಿಗೆಯ ಮೊದಲು ಅದೇ ಪ್ರಶ್ನೆಗಳು. ಇವತ್ತೂ ಅಲುಗಾಡಿತೇ? ಇವತ್ತೂ ಮೆತ್ತಗಿದೆಯೇ? ಹೌದೆಂದಾಗಲೆಲ್ಲ ಹಾಲ್ದಾರ್ ಬಾಬು ಸಂತೋಷಪಡುವ ಬದಲು ಕುತ್ತಿಗೆಯ ಮಫ್ಲರಿನ ತುದಿ ಹಿಡಿದು ಬಿಗಿ ಮಾಡಿಕೊಳ್ಳುತ್ತಿದ್ದರು. ಮಫ್ಲರಿನ ವಿಷಯಕ್ಕೆ ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. ಕಲಕತ್ತೆಯಲ್ಲಿ ಕಾರ್ತಿಕ ಕಳೆಯಿತೆಂದರೆ ಗಂಡಸರು ಥಂಡಿಗೆ ಹೆದರಿ ಮಫ್ಲರು, ಮಂಗನ ಟೋಪಿ ಎಲ್ಲ ಹೊರತೆಗೆಯುತ್ತಾರೆ. ಹಾಲ್ದಾರ್ ಬಾಬು ಆ ಸಲದ ದುರ್ಗಾಪೂಜೆಯ ಪೆಂಡಾಲಿಗೆ, ಎಲ್ಲರೂ ಬೆವರಿ ತೊಪ್ಪೆಯಾಗಿದ್ದಾಗಲೇ ಕೆಂಪು ಮಫ್ಲರ್ ಸುತ್ತಿಕೊಂಡು ಬಂದಿದ್ದರು. ವಯಸ್ಸಾಯಿತು, ಜಾಗ್ರತೆ ಹೆಚ್ಚು ಎಂದುಕೊಂಡಿತು ಓಣಿ.

ಗುಟ್ಟು ಮಾಲತಿ ಬೌದಿಗೆ ತಿಳಿಯಿತು. ಎಂದರೆ ಓಣಿಗೆ ತಿಳಿಯಿತು. ಒಬ್ಬರು ಅರಿಶಿನ ಸುಣ್ಣ ಕಲಸಿ ತಂದರು. ಒಬ್ಬರು ಇದು ಹೊಟ್ಟೆಯ ಗ್ಯಾಸು ದಾರಿ ತಪ್ಪಿ ಎದೆಗೆ ಬಂದು ಗಟ್ಟಿಯಾದದ್ದು ಎಂದರು. ಅವರ ಪ್ರಕಾರ ಕಲಕತ್ತೆಯ ಎಲ್ಲ ಅನಾಹುತಗಳೂ ಗ್ಯಾಸಿನಿಂದಲೇ. ಓಣಿಯ ಕ್ಲಬ್ಬಿನ ಕಾರ್ಯದರ್ಶಿ ಖಜಾಂಚಿಯನ್ನು ಜೊತೆ ಮಾಡಿಕೊಂಡು ಬಂದು, ಹೊತ್ತಿಲ್ಲದ ಹೊತ್ತಿನಲ್ಲಿ ಏನಾದರೂ ಆದರೆ ಹೆಗಲು ಕೊಡಲು ಹುಡುಗರು ಸಿದ್ಧರಿದ್ದಾರೆಂದು ಧೈರ್ಯ ತುಂಬಿ, ನಿಮ್ಮಲ್ಲಿ ಸುಡುತ್ತಾರೋ ಹೂಳುತ್ತಾರೋ ಎಂದು ವಿನಯದಿಂದ ವಿಚಾರಿಸಿ ಹೋದರು. ಅವರು ಹೋದ ಮೇಲೆ ಬಸವಲಿಂಗಪ್ಪನವರು ಬಹಳ ಹೊತ್ತು ಚಪ್ಪಲಿ ಹಾಕಿಕೊಂಡೇ ಮಂಚದ ಮೇಲೆ ಕುಳಿತಿದ್ದರು.

ಎಲ್ಲರಿಗಿಂತ ಕೊನೆಗೆ ತಿಳಿದದ್ದು ಇಂದಿರಾ ಅವರಿಗೆ, ಅದೂ ತರಕಾರಿ ಗಾಡಿಯ ಮುಂದೆ ನಿಂತು. ಅವರು ಬದನೆಕಾಯಿ ಅಲ್ಲಿಯೇ ಬಿಟ್ಟು ಒಳಗೆ ಬಂದರು.

"ಕಾಯಿಪಲ್ಲೆ ಮಾರಾಂವಗ ಗೊತ್ತೈತಿ, ನನಗೊಬ್ಬಾಕಿಗೆ ಗೊತ್ತಿಲ್ಲ. ನಾ ಏನ್ ತಿಳ್ಕೊಂಡಿದ್ದೆ, ನಿಮಗ ಭಕ್ತಿ ಬಂದೈತಿ ಅಂತ."

"ನೋವಿಲ್ಲ ನೋಡು, ಅದಕ್ಕ ಹೇಳ್ಲಿಲ್ಲ," ಎಂದರು ಬಸವಲಿಂಗಪ್ಪನವರು.

ಇಂದಿರಾ ಅಡುಗೆಮನೆಗೆ ಹೋಗಿ ಜೋಳದ ಹಿಟ್ಟನ್ನು ಬಡಿದ ರೀತಿಯಲ್ಲಿಯೇ ಉತ್ತರವಿತ್ತು. ಸಂಜೆ ಸೆಕ್ಟರ್ ಫೈವ್‌ನ ಕಚೇರಿಯಿಂದ ಬಂದ ಮಗಳು ಶ್ರಾವ್ಯಾ ಎಲ್ಲ ಕೇಳಿಸಿಕೊಂಡು, ಫೋನು ತೆಗೆದು, ಮಾತಿಗೆ ಎಡೆಗೊಡದೆ ಡಾಕ್ಟರ್ ಅಪರ್ಣಾ ಎಂಬವರ ಹತ್ತಿರ ಹೆಸರು ಬರೆಸಿಬಿಟ್ಟಳು. ಲೇಡೀಸ್ ಡಾಕ್ಟರ್ ಏಕೆ ಎಂದು ಅಪ್ಪ ಗೊಣಗಿದರು.

"ಅಪ್ಪಾ, ಅವರು ಬ್ರೆಸ್ಟ್ ಸರ್ಜನ್. ಗಂಡಸರ್ನೂ ನೋಡ್ತಾರ. ಎರಡ್ ವಾರಕ್ಕಿಂತ ಜಾಸ್ತಿ ಇರೋ ಗಂಟು ಅಂದ್ರ ತೋರಿಸ್ಬೇಕು, ದ್ಯಾಟ್ಸ್ ಇಟ್. ನೋ ಡ್ರಾಮಾ."

ಆದರೆ ಬಸವಲಿಂಗಪ್ಪನವರ ಬಾಳಿನಲ್ಲಿ ಡ್ರಾಮಾ ಇಲ್ಲದೆ ಯಾವುದು ನಡೆದಿದೆ? ಆಸ್ಪತ್ರೆಗೆ ಹೊರಟಾಗ ಹಾಲ್ದಾರ್ ಬಾಬುವೂ ಮಫ್ಲರ್ ಬಿಗಿ ಮಾಡಿಕೊಂಡು ಟ್ಯಾಕ್ಸಿ ಹತ್ತಿದರು. ರೋಗಿಯ ಪೂರ್ವ ಇತಿಹಾಸ ಬಲ್ಲವನು ತಾನೊಬ್ಬನೇ, ಡಾಕ್ಟರು ಏನು ಹೇಳುತ್ತಾರೋ ತಾನೇ ಕಿವಿಯಾರೆ ಕೇಳಬೇಕು ಎಂದರು. ಕಾಯುವ ಹಜಾರದ ತುಂಬ ಹೆಂಗಸರು. ಬಸವಲಿಂಗಪ್ಪನವರು ನೆಲದ ಟೈಲ್ಸನ್ನು ಅಭ್ಯಾಸ ಮಾಡುತ್ತ ಕುಳಿತರು. ನರ್ಸು ಅವರ ಹೆಸರು ಕೂಗಿದಳು. ನೇರವಾಗಿ ಬಂದು ಇಂದಿರಾ ಅವರ ಕೈ ಹಿಡಿದು, ಹೆದರಬೇಡಿ ಅಮ್ಮಾ, ಎಲ್ಲ ಸರಿಹೋಗುತ್ತದೆ ಎಂದು ಒಳಗೆ ನಡೆಸಿಕೊಂಡು ಹೊರಟಳು. ರೋಗಿ ಹಿಂದೆ ಕುಳಿತಿದ್ದಾರೆಂದು ತಿಳಿದಾಗ ಹಜಾರದ ಹೆಂಗಸರೆಲ್ಲ ತಿರುಗಿ ನೋಡಿದರು. ಒಬ್ಬ ಮುದುಕಿ ಮಾತ್ರ ಕನಿಕರದಿಂದ ತನ್ನ ಪಕ್ಕದ ಕುರ್ಚಿ ಖಾಲಿ ಮಾಡಿಕೊಟ್ಟಳು.

ಡಾಕ್ಟರ್ ಅಪರ್ಣಾ ಬೆರಳಿನಿಂದ ಒತ್ತಿ ನೋಡಿ, ಹೆಚ್ಚು ಮಾತಾಡದೆ, ಸ್ಕ್ಯಾನ್ ಮಾಡಿಸಿಕೊಂಡು ಬನ್ನಿ ಎಂದರು. ಸ್ಕ್ಯಾನಿನ ಕೋಣೆಯ ಬಾಗಿಲಲ್ಲಿ ನಿಜವಾದ ಸಂಕಟ ಕಾದಿತ್ತು. ಎದೆಯ ಮೇಲೆ ಏನೂ ಇರಕೂಡದು, ಎರಡೂ ಕೈ ತಲೆಯ ಹಿಂದಕ್ಕೆ ಇಡಬೇಕು, ಆ ಬೆಳ್ಳಿ ಡಬ್ಬಿ ತೆಗೆದು ಹೊರಗೆ ಕೊಡಿ ಎಂದ ಟೆಕ್ನಿಷಿಯನ್. ಬಸವಲಿಂಗಪ್ಪನವರು ಒಂದು ಹೆಜ್ಜೆ ಹಿಂದೆ ಸರಿದರು. ಗಂಟು ಇದ್ದರೆ ಇರಲಿ, ಲಿಂಗ ಮೈ ಬಿಡುವುದಿಲ್ಲ. ಟೆಕ್ನಿಷಿಯನ್ ಸಾಲು ಬೆಳೆಯುತ್ತಿದೆ ಎಂದ. ಶ್ರಾವ್ಯಾ ಹಣೆ ಚಚ್ಚಿಕೊಂಡಳು. ಇಂದಿರಾ ಮಾತ್ರ, ಈ ವಿಷಯದಲ್ಲಿ ಗಂಡನ ಪಕ್ಷ ಹಿಡಿದು, ಓಂಕಾರಪ್ಪನವರಿಗೆ ಫೋನು ಹಚ್ಚಿದರು. ರೈಲ್ವೆಯಲ್ಲಿದ್ದು ನಿವೃತ್ತರಾದ ಓಂಕಾರಪ್ಪನವರು ಕಲಕತ್ತೆಯ ಲಿಂಗಾಯತರಿಗೆ ಮಠವೂ ಅವರೇ, ಪಂಚಾಂಗವೂ ಅವರೇ.

"ಮೈಯಿಂದ ಅಗಲಬಾರದು, ಅಷ್ಟರೀ," ಎಂದರು ಓಂಕಾರಪ್ಪ. "ಎದೀ ಹ್ಯಾಂಗ ಮೈಯೋ, ತಲೀನೂ ಹಂಗ ಮೈ. ತಲೀ ಮ್ಯಾಲೆ ಇಟ್ಟು ಗಟ್ಟ್ಯಾಗಿ ಒಂದ್ ಬಟ್ಟಿ ಕಟ್ಟ್ರಿ."

ಪರಿಹಾರ ಸಿಕ್ಕಿತು, ಬಟ್ಟೆ ಸಿಗಲಿಲ್ಲ. ಬಸವಲಿಂಗಪ್ಪನವರ ಕರವಸ್ತ್ರ ಹಣೆಗೇ ಸಾಲದು. ಶ್ರಾವ್ಯಾಳ ಜೀನ್ಸು, ಅಂಗಿಗಳಲ್ಲಿ ಕಟ್ಟಲು ಬರುವಂಥದ್ದೇನೂ ಇಲ್ಲ. ಇಂದಿರಾ ಸೀರೆಯ ಸೆರಗನ್ನು ನೋಡಿಕೊಂಡು, ಗಂಡನ ಜೊತೆ ತಾವೂ ಒಳಗೆ ಹೋಗಬೇಕಾದೀತೆಂದು ಬಿಟ್ಟರು. ಆಗ ಎಲ್ಲರ ಕಣ್ಣೂ ಒಟ್ಟಿಗೆ ಹೋದದ್ದು ಹಾಲ್ದಾರ್ ಬಾಬುವಿನ ಮಫ್ಲರಿನ ಮೇಲೆ. ಉದ್ದವಾದ, ದಪ್ಪವಾದ, ಹೇಳಿ ಮಾಡಿಸಿದಂಥ ಮಫ್ಲರು.

ಹಾಲ್ದಾರ್ ಬಾಬು ಅದನ್ನು ಎರಡೂ ಕೈಯಿಂದ ಹಿಡಿದುಕೊಂಡು ಗೋಡೆಗೆ ಆತುಕೊಂಡರು.

ಜನ್ಮದಲ್ಲಿ ಯಾರಿಗೂ ಇಲ್ಲ ಎಂದವರಲ್ಲ ಅವರು. ಬಸವಲಿಂಗಪ್ಪನವರಿಗೆ ಛತ್ರಿ ಕೊಟ್ಟಿದ್ದಾರೆ, ಏಣಿ ಕೊಟ್ಟಿದ್ದಾರೆ, ತಮ್ಮ ಮನೆಯ ನೀರಿನ ಮೋಟರನ್ನೇ ಬಿಚ್ಚಿ ಕೊಟ್ಟಿದ್ದಾರೆ. ಈಗ ಒಂದು ಮಫ್ಲರಿಗಾಗಿ, ಥಂಡಿ ಎಂದರು, ಒಗೆದಿಲ್ಲ ಎಂದರು, ಉಣ್ಣೆಯದ್ದು ದೇವರಿಗೆ ಆಗಿಬರುತ್ತದೋ ಇಲ್ಲವೋ ಎಂದು ಶಾಸ್ತ್ರ ಎತ್ತಿದರು. ಒಂದು ಗಳಿಗೆ ಅಷ್ಟೇ ದಾದಾ ಎಂದು ಬಸವಲಿಂಗಪ್ಪನವರು ತುದಿ ಹಿಡಿದು ಎಳೆದರು. ಹಾಲ್ದಾರ್ ಬಾಬು ತಮ್ಮತ್ತ ಎಳೆದರು. ಹಜಾರದ ಹೆಂಗಸರು ಎದ್ದು ನಿಂತು ನೋಡತೊಡಗಿದರು. ಎರಡು ಸುತ್ತು ಬಿಚ್ಚಿ ಮಫ್ಲರು ಬಸವಲಿಂಗಪ್ಪನವರ ಕೈಗೆ ಬಂತು.

ಹಾಲ್ದಾರ್ ಬಾಬುವಿನ ಕುತ್ತಿಗೆಯ ಬಲಗಡೆ, ಕಿವಿಯ ಕೆಳಗೆ, ನಿಂಬೆಹಣ್ಣಿನ ಗಾತ್ರದ ಒಂದು ಗಂಟಿತ್ತು.

ಟೆಕ್ನಿಷಿಯನ್ ಸಾಲಿನ ಮಾತು ಮರೆತ. ಬಸವಲಿಂಗಪ್ಪನವರು ಏನು ಕೇಳಬೇಕೆಂದು ತಿಳಿಯದೆ, ತಮಗೆ ಬಾಯಿಪಾಠವಾಗಿದ್ದನ್ನೇ ಕೇಳಿದರು. ನೋವಿದೆಯೇ? ಹಾಲ್ದಾರ್ ಬಾಬು ಇಲ್ಲವೆಂದು ತಲೆಯಾಡಿಸಿದರು. ಮೆತ್ತಗಿದೆಯೇ? ಅದಕ್ಕೂ ಇಲ್ಲವೆಂದೇ ತಲೆಯಾಡಿಸಿದರು.

"ದಿನವೂ ನಿಮ್ಮನ್ನು ಕೇಳುತ್ತಿದ್ದೆನಲ್ಲ ಬಾಸಬ್ ಬಾಬು," ಎಂದರು. "ನಿಮ್ಮದು ಅಲುಗಾಡುತ್ತದೆ ಎನ್ನುತ್ತಿದ್ದಿರಿ. ನನ್ನದು ಅಲುಗಾಡುವುದಿಲ್ಲ."

ಬಸವಲಿಂಗಪ್ಪನವರಿಗೆ ತಮ್ಮ ಮೇಲಿನ ಪ್ರೀತಿಯಿಂದ ಮನುಷ್ಯ ಇಷ್ಟು ವಿಚಾರಿಸುತ್ತಾರೆಂದು ಬೀಗಿದ್ದು ನೆನಪಾಗಿ ನಾಚಿಕೆಯಾಯಿತು. ಎದುರು ಮನೆಯಲ್ಲಿ ಒಬ್ಬರು ತಮಗಿಂತ ಹೆಚ್ಚು ಹೆದರಿಕೊಂಡು ಕುಳಿತಿದ್ದರು, ತಾವು ಗುಳಿಗೆ ಚಪ್ಪರಿಸುತ್ತಿದ್ದರು. ಮಾಲತಿಗೆ ಹೇಳಬೇಡಿ, ಹೆದರಿಕೊಳ್ಳುತ್ತಾಳೆ ಎಂದು ಹಾಲ್ದಾರ್ ಬಾಬು ಬೇಡಿಕೊಳ್ಳುವಷ್ಟರಲ್ಲಿ ಇಂದಿರಾ ಮೂಲೆಯಲ್ಲಿ ನಿಂತು ಮಾಲತಿ ಬೌದಿಗೆ ಫೋನು ಮುಗಿಸಿಯಾಗಿತ್ತು. ಗಂಡಸರು ಮುಚ್ಚಿಟ್ಟದ್ದನ್ನು ಹೆಂಗಸರು ತರಕಾರಿ ಗಾಡಿಯ ಮುಂದೆ ತಿಳಿಯುವ ಪದ್ಧತಿ ಇನ್ನು ಸಾಕು ಎಂದು ಅವರು ನಿಶ್ಚಯಿಸಿದ್ದರು.

ಮುಂದಿನದನ್ನು ಬೇಗ ಹೇಳಿಬಿಡುತ್ತೇನೆ. ತಲೆಯ ಮೇಲೆ ಶಿವ, ಶಿವನ ಮೇಲೆ ಕೆಂಪು ಮಫ್ಲರು, ಹೀಗೆ ಬಸವಲಿಂಗಪ್ಪನವರು ಸ್ಕ್ಯಾನಿಗೆ ಮಲಗಿದರು. ಅದೇ ವೇಷದಲ್ಲಿ ಎದ್ದು ಬಂದು ಹಾಲ್ದಾರ್ ಬಾಬುವಿನ ತೋಳು ಹಿಡಿದು, ಡಾಕ್ಟರ ಕೋಣೆಗೆ ನುಗ್ಗಿ, ನನ್ನದು ಆಮೇಲೆ, ಮೊದಲು ಇವರನ್ನು ನೋಡಿ ಎಂದರು. ಡಾಕ್ಟರ್ ಅಪರ್ಣಾ ತಲೆಯ ಉಬ್ಬನ್ನು ನೋಡಿ ಬೆಚ್ಚಿ, ಇದು ಬೆಳಿಗ್ಗೆ ಇರಲಿಲ್ಲವಲ್ಲ ಎಂದರು. ಅದನ್ನು ವಿವರಿಸಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಅವರು ಹಾಲ್ದಾರ್ ಬಾಬುವಿನ ಕುತ್ತಿಗೆಯನ್ನು ಮುಟ್ಟಿ ನೋಡಿದರು. ಆಗ ನಗು ಎಲ್ಲರ ಮುಖದಿಂದಲೂ ಇಳಿಯಿತು.

"ನೋವಿಲ್ಲ, ನೋವಿಲ್ಲ ಎಂದು ಇಬ್ಬರೂ ಹೇಳುತ್ತೀರಿ," ಎಂದರು ಡಾಕ್ಟರು. "ಗಂಟಿಗೆ ನೋವೇ ಅಳತೆಯಲ್ಲ. ಕೆಲವು ವಾರ ಕಳೆದರೂ ಹೋಗದ್ದು, ಗಟ್ಟಿಯಾದದ್ದು, ಬೆಳೆಯುವುದು, ಕದಲದ್ದು, ಅದನ್ನು ತೋರಿಸಬೇಕು. ಗಂಡಸಿನ ಎದೆಯಲ್ಲಿದ್ದರೂ ತೋರಿಸಬೇಕು. ಅಂಗಿಯೊಳಗೆ, ಮಫ್ಲರಿನೊಳಗೆ ಇಟ್ಟು ಸಾಕಬಾರದು."

ಇಬ್ಬರೂ ತಪ್ಪು ಮಾಡಿದ ಶಾಲಾ ಮಕ್ಕಳ ಹಾಗೆ ತಲೆ ತಗ್ಗಿಸಿದರು. ಬಸವಲಿಂಗಪ್ಪನವರು ಮಾತ್ರ ಕರಡಿಗೆ ಜಾರೀತೆಂದು ಬೇಗ ಮೇಲೆತ್ತಿದರು.

ಬಸವಲಿಂಗಪ್ಪನವರದ್ದು ಬರೀ ಕೊಬ್ಬಿನ ಗಂಟು. ಏನೂ ಮಾಡಬೇಕಾಗಿಲ್ಲ, ಬೆಳೆದರೆ ಬನ್ನಿ ಎಂದರು. ಹಾಲ್ದಾರ್ ಬಾಬುವಿನ ಕುತ್ತಿಗೆಯಿಂದ ಸೂಜಿಯಲ್ಲಿ ತೆಗೆದದ್ದನ್ನು ಪರೀಕ್ಷೆಗೆ ಕಳಿಸಿದರು. ಅದರ ಉತ್ತರ ಬರುವವರೆಗೆ ಎರಡೂ ಮನೆಗಳಲ್ಲಿ ಸಾರಿಗೆ ಉಪ್ಪು ಸರಿಯಾಗಿ ಬೀಳಲಿಲ್ಲ. ಬಸವಲಿಂಗಪ್ಪನವರು ಬೆಳಿಗ್ಗೆ ಸಂಜೆ ಲಿಂಗಪೂಜೆಗೆ ಕೂರುತ್ತಿದ್ದರು. ಈ ಸಲ ಅದು ಭಕ್ತಿಯೇ ಎಂದು ಇಂದಿರಾ ಖಾತ್ರಿ ಮಾಡಿಕೊಂಡರು.

ಬಂದ ಉತ್ತರ ಕ್ಷಯ. ಕುತ್ತಿಗೆಯ ಗ್ರಂಥಿಗೆ ತಗುಲಿದ ಟಿಬಿ. ಅರ್ಧ ವರ್ಷ ತಪ್ಪದೆ ಮಾತ್ರೆ ನುಂಗಿದರೆ ವಾಸಿಯಾಗುತ್ತದೆ ಎಂದಾಗ ಮಾಲತಿ ಬೌದಿ ಅಲ್ಲಿಯೇ ಕುಳಿತು ಅತ್ತುಬಿಟ್ಟರು. ಹಾಲ್ದಾರ್ ಬಾಬುವಿಗೆ ಸಮಾಧಾನದ ಜೊತೆಗೆ ಒಂದು ಅವಮಾನವೂ ಆಯಿತು. ಓಣಿಗೆಲ್ಲ ಸಕ್ಕರೆ ಗುಳಿಗೆ ತಿನ್ನಿಸಿದವರು ಈಗ ಬೆರಳ ಗಾತ್ರದ ಅಲೋಪತಿ ಮಾತ್ರೆ ನುಂಗಬೇಕು. ಅದರಲ್ಲಿ ಮೋಸ ಆಗದಿರಲೆಂದು ಬಸವಲಿಂಗಪ್ಪನವರು ಪೂಜೆ ಮುಗಿಸಿ ವಿಭೂತಿಯಲ್ಲೇ ಎದುರು ಮನೆಗೆ ಹೋಗಿ, ನೀರಿನ ಲೋಟ ಹಿಡಿದು ನಿಲ್ಲುತ್ತಿದ್ದರು. ನುಂಗಿದ ಮೇಲೆ ಬಾಯಿ ತೆರೆಸಿ ನೋಡುತ್ತಿದ್ದರು. ಬದಲಿಗೆ ಹಾಲ್ದಾರ್ ಬಾಬು ಅವರ ಗಂಟಿನ ಯೋಗಕ್ಷೇಮ ಕೇಳುತ್ತಿದ್ದರು.

ಈ ವರ್ಷದ ವಿಜಯದಶಮಿಯ ಸಂಜೆ ಹಾಲ್ದಾರ್ ಬಾಬು ಬರಿಗುತ್ತಿಗೆಯಲ್ಲಿ ಬೀದಿಗೆ ಬಂದರು. ಬಸವಲಿಂಗಪ್ಪನವರು ಊರಿನಿಂದ ತರಿಸಿದ್ದ ಬನ್ನಿ ಎಲೆಯನ್ನು ಅವರ ಕೈಗಿಟ್ಟು ಅಪ್ಪಿಕೊಂಡರು. ಅಪ್ಪಿಕೊಂಡವರು ಬಿಡಲಿಲ್ಲ. ಒಬ್ಬರ ಬೆರಳು ಇನ್ನೊಬ್ಬರ ಕಿವಿಯ ಕೆಳಗೆ ನಿಧಾನವಾಗಿ ತಡವಿತು, ಇನ್ನೊಬ್ಬರ ಅಂಗೈ ಕರಡಿಗೆಯ ಪಕ್ಕ ಒತ್ತಿ ನೋಡಿತು. ಇಬ್ಬರೂ ತಲೆಯಾಡಿಸಿ, ನಕ್ಕು, ಬದಿ ಬದಲಿಸಿದರು. ನೋಡುತ್ತಿದ್ದ ಓಣಿಯವರು ಇದು ದಕ್ಷಿಣದ ಕಡೆಯ ಅಪ್ಪುಗೆಯ ಪದ್ಧತಿ ಇರಬೇಕೆಂದು ತಿಳಿದರು. ಹೊಸದೇನು ಕಂಡರೂ ಮಾಡಿ ನೋಡದೆ ಬಿಡದ ಜನ. ಸ್ವಲ್ಪ ಹೊತ್ತಿನಲ್ಲಿ ಬೀದಿಯ ಉದ್ದಕ್ಕೂ ಗಂಡಸರು ಒಬ್ಬರ ಕುತ್ತಿಗೆ ಒಬ್ಬರು, ಒಬ್ಬರ ಎದೆ ಒಬ್ಬರು ಗಂಭೀರವಾಗಿ ತಡವುತ್ತ ಹಬ್ಬದ ಶುಭಾಶಯ ಹೇಳುತ್ತಿದ್ದರು.

ಕ್ಲಬ್ಬಿನ ಕಾರ್ಯದರ್ಶಿಯ ಕೈ ಮಾತ್ರ ಖಜಾಂಚಿಯ ದವಡೆಯ ಕೆಳಗೆ ತಡೆದು ನಿಂತಿತು. ಸೊಳ್ಳೆ ಕಚ್ಚಿದ್ದು, ಸಪ್ತಮಿಯ ದಿನದಿಂದ ಇದೆ ಎಂದು ಖಜಾಂಚಿ ಕೊಡವಿಕೊಂಡ. ಹಾಲ್ದಾರ್ ಬಾಬು ಕನ್ನಡಕ ಸರಿ ಮಾಡಿಕೊಂಡು ಹತ್ತಿರ ಬಂದರು. ಬಸವಲಿಂಗಪ್ಪನವರು ಅವನ ಹೆಗಲ ಮೇಲೆ ಕೈಯಿಟ್ಟರು.

"ಎರಡು ಮೂರು ವಾರ ನೋಡೋಣ. ಹೋಗದಿದ್ದರೆ ನಾವಿಬ್ಬರೂ ಬಂದು ಕರೆದುಕೊಂಡು ಹೋಗುತ್ತೇವೆ. ಅಲ್ಲಿಯವರೆಗೆ ಮಫ್ಲರ್ ಮಾತ್ರ ಹಾಕಬೇಡಿ."